ಕೈ ಎತ್ತಿದರೆ ಸಾಕು

ರುಮೈಥಿಯಾ, ಕುವೈತ್
20-8-2025

ಪೂಜ್ಯ ಅತ್ತೆಯವರಿಗೆ ಶ್ರಾವಣಿಯ ನಮಸ್ಕಾರಗಳು.

ನಾವು ಮೂವರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಕೈಯಲ್ಲಿ ಕಾಗದ ಬರೆದು ಫೋಟೋ ತೆಗೆದು ಚಿತ್ರಾಳ ಮೊಬೈಲಿಗೆ ಕಳಿಸು ಅಂತ ಮಂಡ್ಯದಿಂದ ಹೊರಡುವಾಗ ಹೇಳಿದ್ದಿರಲ್ಲ, ಅದರಂತೆ ಇದು ಮೊದಲನೆಯದು. ಕನ್ನಡ ಬರೆದು ಎಷ್ಟೋ ಕಾಲ ಆಯಿತು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಿಸಿಲು ಇನ್ನೂ ಇಳಿದಿಲ್ಲ. ನಿಮ್ಮ ಮಗ ಬೆಳಕು ಹರಿಯುವ ಮೊದಲೇ ಮೀನಾ ಅಬ್ದುಲ್ಲಾ ಅನ್ನುವ ಊರಿನ ರಿಫೈನರಿ ಬಸ್ಸು ಹತ್ತುತ್ತಾರೆ, ಬರುವಾಗ ಅವರ ಷರಟು ಹಿಂಡಿದರೆ ಒಂದು ಲೋಟ ನೀರು ಬರುತ್ತದೆ. ನೀವು ಕೊಟ್ಟ ಹುಣಿಸೆ ತೊಕ್ಕನ್ನು ದೀಪು ಬರೀ ಬೆರಳಲ್ಲೇ ತಿಂದು ಮುಗಿಸಿದಳು. ಬಂದ ದಿನದಿಂದ ಅಜ್ಜಿ ಮನೆಯದೇ ಜಪ.

ಇಲ್ಲೀಗ ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತು. ಯಾವ ಅಂಗಡಿಗೆ ಹೋದರೂ ಬಾಗಿಲಲ್ಲೇ ಬ್ಯಾಗು, ಬಾಟಲಿ, ಬಣ್ಣದ ಪೆನ್ಸಿಲುಗಳ ರಾಶಿ. ಹಾಂ, ಒಂದು ವಿಷಯ. ಈ ವರ್ಷದಿಂದ ದೀಪುಗೆ ಮನೆಪಾಠ ಶುರು ಮಾಡಿದ್ದೇವೆ. ನಾನೇ ಹೇಳಿಕೊಡುತ್ತೇನೆ. ಎದುರು ಮನೆಯ ಫಿಯೋನಾ ಅಂತ, ಮಂಗಳೂರಿನವರು, ಅವರೂ ತಮ್ಮ ಇಬ್ಬರು ಮಕ್ಕಳಿಗೆ ಹೀಗೇ ಮಾಡುತ್ತಾರೆ. ವಿವರವಾಗಿ ಮುಂದೆ ಬರೆಯುತ್ತೇನೆ.

ನಿಮ್ಮ ಸೊಸೆ
ಶ್ರಾವಣಿ


ಮಂಡ್ಯ
22-8-2025

ಚಿ. ಸೌ. ಶ್ರಾವಣಿಗೆ ಅತ್ತೆಯ ಆಶೀರ್ವಾದ.

ಕಾಗದ ಸಿಕ್ಕಿತು. ನಿನ್ನ ನಾದಿನಿ ಚಿತ್ರಾ ಅಕ್ಷರ ದೊಡ್ಡದು ಮಾಡಿ ತೋರಿಸಿದಳು. ನಿನ್ನ 'ಲ' ಮತ್ತು 'ಳ' ಎರಡೂ ಒಂದೇ ತಾಯಿ ಮಕ್ಕಳ ಹಾಗಿವೆ, ಸ್ವಲ್ಪ ನೋಡಿ ಬರಿ. ಉಳಿದದ್ದು ಪರವಾಗಿಲ್ಲ.

ಅಲ್ಲ ಕಣಮ್ಮ, ನಾಲ್ಕನೇ ಕ್ಲಾಸಿನ ಮಗುಗೆ ಮನೆಪಾಠ ಯಾಕೆ? ಶಾಲೆಯಲ್ಲಿ ಟೀಚರುಗಳು ಕಡಲೆಕಾಯಿ ಸುಲೀತಾ ಕೂತಿರ್ತಾರಾ? ಬೆಳಿಗ್ಗೆಯಿಂದ ಅಲ್ಲಿ ಬೆಂದು ಬಂದ ಮಗುವನ್ನು ಸಂಜೆ ಮತ್ತೆ ಪುಸ್ತಕದ ಮುಂದೆ ಕೂರಿಸಿದರೆ ಅದು ಓದೋದನ್ನೇ ದ್ವೇಷಿಸುತ್ತೆ. ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಒಂದು ಮಗುವಿಗೂ ಮನೆಪಾಠ ಮಾಡಿದವಳಲ್ಲ, ಕ್ಲಾಸಿನಲ್ಲೇ ನೆಟ್ಟಗೆ ಹೇಳಿಕೊಟ್ಟರೆ ಅದರ ಅಗತ್ಯ ಇಲ್ಲ. ಹೋಗಲಿ, ಯಾರ್‍ಯಾರೋ ಹತ್ತಿರ ಕಳಿಸದೆ ನೀನೇ ಹೇಳಿಕೊಡ್ತಿದ್ದೀಯ, ಅದೊಂದು ಸಮಾಧಾನ. ದಿನಕ್ಕೆ ಒಂದು ಗಂಟೆ ಸಾಕು. ಆಮೇಲೆ ಆಡೋಕೆ ಬಿಡು.

ಈಗ ಮುಖ್ಯ ವಿಷಯ. ಶಾಲೆ ಶುರುವಾದ ದಿನ ಯೂನಿಫಾರಂ ಹಾಕಿಸಿ, ತಲೆ ಬಾಚಿ, ಬಾಗಿಲ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆದು ಕಳಿಸು. ಐದನೇ ತಾರೀಕು ಶಿಕ್ಷಕರ ದಿನಾಚರಣೆಗೆ ನಮ್ಮಂಥ ನಿವೃತ್ತರನ್ನೆಲ್ಲ ಕರೆದು ಶಾಲು ಹೊದಿಸ್ತಾರೆ. ಬೆಟ್ಟಿನೂ ಬರ್ತಾಳೆ. ನನ್ನ ಜೊತೆ ಕೆಲಸ ಮಾಡ್ತಿದ್ದಳಲ್ಲ, ಈಗ ಇಲ್ಲೇ ಒಂದು ಖಾಸಗಿ ಶಾಲೆಗೆ ಹೆಡ್‌ಮಿಸ್ಸು. ಪ್ರತಿ ವರ್ಷ ಮೊಮ್ಮಕ್ಕಳ ಫೋಟೋ ತೋರಿಸಿ ತೋರಿಸಿ ನನ್ನ ಜೀವ ತಿಂತಾಳೆ. ಈ ಸಲ ನಾನೂ ತೋರಿಸಬೇಕು.

ಇತಿ
ರಾಜಮ್ಮ


ರುಮೈಥಿಯಾ
1-9-2025

ಪೂಜ್ಯ ಅತ್ತೆಯವರಿಗೆ,

ಹಬ್ಬದ ಓಡಾಟದಲ್ಲಿ ಉತ್ತರ ತಡವಾಯಿತು. ಇವತ್ತು ನಮ್ಮ ಬೀದಿಯ ಮಕ್ಕಳಿಗೆಲ್ಲ ಶಾಲೆ ಶುರು. ಆರು ಗಂಟೆಗೇ ಹಳದಿ ಬಸ್ಸುಗಳು ಒಂದರ ಹಿಂದೆ ಒಂದು ಬಂದವು. ಲಿಫ್ಟಿನ ತುಂಬ ಹೊಸ ಬೂಟಿನ ವಾಸನೆ. ಕೆಳಗಿನ ಬಖಾಲಾದ, ಅಂದರೆ ದಿನಸಿ ಅಂಗಡಿಯ, ಮೊಯ್ದೀನ್ ಕುಂಞಿಯವರು ಬಾಗಿಲಲ್ಲಿ ನಿಂತು ಮಕ್ಕಳಿಗೆಲ್ಲ ಒಂದೊಂದು ಪೆನ್ಸಿಲು ಕೊಟ್ಟರು. ದೀಪುಗೂ ಕೊಟ್ಟರು.

ಫೋಟೋ ತೆಗೆಯಲು ಆಗಲಿಲ್ಲ, ಬೆಳಿಗ್ಗೆ ತುಂಬ ಗಡಿಬಿಡಿ. ಮನೆಪಾಠದ ಬಗ್ಗೆ ನೀವು ಹೇಳಿದ್ದನ್ನು ಗಮನಿಸಿದ್ದೇನೆ. ಮಧ್ಯಾಹ್ನದ ಮೇಲೆ ಅವಳನ್ನು ಪೂರ್ತಿ ಆಡಲು ಬಿಡುತ್ತೇನೆ.

ಶ್ರಾವಣಿ


ಮಂಡ್ಯ
3-9-2025

ಶ್ರಾವಣಿ,

ಮೊದಲನೇ ದಿನ ಆಗದಿದ್ದರೆ ಮೂರನೇ ದಿನ ತೆಗಿ. ಮಗು ಅದೇ, ಯೂನಿಫಾರಂ ಅದೇ. ನನಗೆ ನಾಡಿದ್ದು ಬೇಕು. ಬೆಟ್ಟಿಗೆ ಆಗಲೇ ಹೇಳಿಬಿಟ್ಟಿದ್ದೀನಿ.

ರಾಜಮ್ಮ


ರುಮೈಥಿಯಾ
4-9-2025

ಅತ್ತೆ, ಫೋಟೋ ಕಳಿಸಿದ್ದೇನೆ. ನಿಮಗೆ ಶಿಕ್ಷಕರ ದಿನದ ಶುಭಾಶಯಗಳು.

ಶ್ರಾವಣಿ


ಮಂಡ್ಯ
7-9-2025

ಶ್ರಾವಣಿಗೆ,

ಶಾಲು ಹೊದಿಸಿದರು, ಉಪ್ಪಿಟ್ಟು ಕೊಟ್ಟರು, ಚೆನ್ನಾಗಿತ್ತು. ನಾನು ಚಿತ್ರಾಳ ಮೊಬೈಲು ಇಸ್ಕೊಂಡು ಬೆಟ್ಟಿ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿ ನೋಡಿ, 'ರಾಜಮ್ಮ, ನಿನ್ನ ಮೊಮ್ಮಗಳಿಗೆ ಮುಂದಿನ ಹಲ್ಲು ಇನ್ನೂ ಬಂದಿಲ್ವಾ' ಅಂದಳು.

ಜುಲೈ ತಿಂಗಳಲ್ಲಿ ನಮ್ಮ ಮನೆ ಜಗಲಿ ಮೇಲೆ ಕೂತು ಅದೇ ಮುಂದಿನ ಹಲ್ಲಲ್ಲಿ ಕಬ್ಬು ಸಿಗಿದು ತಿಂದ ಮಗು ಅದು. ನೀನು ಕಳಿಸಿದ್ದು ಎರಡನೇ ಕ್ಲಾಸಿನ ಫೋಟೋ. ಜೀವಮಾನವೆಲ್ಲ ಮಕ್ಕಳ ಮುಖ ನೋಡಿದವಳಿಗೆ ಇಷ್ಟೂ ತಿಳಿಯಲ್ಲ ಅಂದುಕೊಂಡೆಯಾ?

ಮನೆಗೆ ಬಂದು ಚಿತ್ರಾ ಕೈಲಿ ಅವಳ ಅಣ್ಣ ಪ್ರೀತಮ್‌ಗೆ ಫೋನ್ ಮಾಡಿಸಿದೆ. ಅವನು ತೊದಲಿ ತೊದಲಿ ಕೊನೆಗೆ ಬಾಯಿಬಿಟ್ಟ. 'ಶಾಲೆ ಬಿಡಿಸಿದ್ದೀವಿ, ಮನೆಯಲ್ಲೇ ಓದಿಸ್ತಿದ್ದೀವಿ.' ಅಂದರೆ ನೀನು ಮನೆಪಾಠ ಅಂದದ್ದು ಟ್ಯೂಷನ್ ಅಲ್ಲ. ಶಾಲೆಯೇ ಇಲ್ಲ.

ಶಾಲೆ ಬಿಡಿಸಿದ್ದೀವಿ. ಈ ಮಾತನ್ನು ಎಷ್ಟು ಮನೆ ಬಾಗಿಲಲ್ಲಿ ನಿಂತು ಕೇಳಿದ್ದೀನಿ ಗೊತ್ತಾ? ಎಮ್ಮೆ ಮೇಯಿಸೋಕೆ, ಕೂಸು ಎತ್ತಿಕೊಳ್ಳೋಕೆ, ಗದ್ದೆಗೆ ಬುತ್ತಿ ಹೊರೋಕೆ. ಅವರ ಹತ್ತಿರ ಜಗಳ ಆಡಿ, ಕಾಲು ಹಿಡಿದು, ಮಗುವಿನ ಕೈ ಹಿಡಿದು ನಾನೇ ಕರ್ಕೊಂಡು ಬಂದಿದ್ದೀನಿ. ಆ ಜನಕ್ಕೆ ಕಷ್ಟ ಇತ್ತು. ನಿಮಗೇನು ಬಂದಿತ್ತು? ನೀನು ಬ್ಯಾಂಕಿನಲ್ಲಿದ್ದವಳು, ಅವನು ಎಂಜಿನಿಯರು. ನನ್ನ ಮನೆಯಲ್ಲೇ ಒಂದು ಶಾಲೆ ಬಿಟ್ಟ ಮಗು. ನಾನು ಯಾರಿಗೆ ಮುಖ ತೋರಿಸಲಿ?

ಕೇಳು. ಬೆಟ್ಟಿ ಶಾಲೆಯಲ್ಲಿ ದೀಪುಗೆ ಸೀಟು ಮಾತಾಡಿದ್ದೀನಿ. ದಸರಾ ರಜ ಮುಗಿಯುವಷ್ಟರಲ್ಲಿ ಕರ್ಕೊಂಡು ಬಂದು ಬಿಟ್ಟು ಹೋಗಿ. ನನ್ನ ಹತ್ತಿರ ಇರಲಿ. ಪ್ರೀತಮ್ 'ಯೋಚಿಸೋಣ' ಅಂದಿದ್ದಾನೆ.

ರಾಜಮ್ಮ


ರುಮೈಥಿಯಾ
9-9-2025

ಅತ್ತೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಇನ್ನೂ ಇಳಿದಿಲ್ಲ, ಇದರಲ್ಲೂ ಕಾಣಿಸಬಹುದು. ಹಳೆಯ ಫೋಟೋ ಕಳಿಸಬಾರದಿತ್ತು, ಅದು ನನ್ನದೇ ತಪ್ಪು. ಹೋಮ್ ಸ್ಕೂಲಿಂಗ್‌ಗೆ ಕನ್ನಡದಲ್ಲಿ ಏನನ್ನಬೇಕೋ ತಿಳಿಯದೆ ಮನೆಪಾಠ ಅಂತ ಬರೆದೆ. ನೀವು ಟ್ಯೂಷನ್ ಅಂದುಕೊಂಡಿರಿ. ಸದ್ಯ, ಹಾಗೇ ಇರಲಿ ಅಂತ ಸುಮ್ಮನಾದೆ.

ನಮಗೇನು ಬಂದಿತ್ತು ಅಂತ ಕೇಳಿದಿರಿ. ಹೇಳುತ್ತೇನೆ.

ಹೋದ ಮಾರ್ಚಿನಲ್ಲಿ ರಿಪೋರ್ಟ್ ಕಾರ್ಡ್ ಬಂತು. ಅದರಲ್ಲಿ ದೀಪುವಿನ ಹಾಜರಿ ಅರ್ಧಕ್ಕಿಂತ ಕಡಿಮೆ. ಜ್ವರ ಬಂದ ದಿನ ಬಿಟ್ಟರೆ ದಿನಾ ಬಸ್ಸು ಹತ್ತಿಸಿದವಳು ನಾನು, ಇಳಿಸಿಕೊಂಡವಳು ನಾನು. ಆಫೀಸಿನಲ್ಲಿ ಯಾರೋ ತಪ್ಪು ಬರೆದಿದ್ದಾರೆ ಅಂತ ದೀಪುವನ್ನೂ ಕರೆದುಕೊಂಡು ಶಾಲೆಗೆ ಹೋದೆ. ವರ್ಷದ ಮಧ್ಯೆ ಬಂದ ಹೊಸ ಟೀಚರು ಪುಸ್ತಕ ತೆಗೆದು ತೋರಿಸಿದರು. ಹೆಸರು ಕೂಗಿದಾಗ 'ಪ್ರೆಸೆಂಟ್ ಮ್ಯಾಮ್' ಅನ್ನದ ಮಕ್ಕಳಿಗೆ ಆಬ್ಸೆಂಟ್ ಹಾಕುತ್ತೇನೆ, ಅದು ನನ್ನ ರೂಲು ಅಂದರು. ದೀಪು ಅಂದಿರಲಿಲ್ಲ. ಮೊದಮೊದಲು ಪಕ್ಕದ ಹುಡುಗಿ ಇವಳ ಪರವಾಗಿ ಅನ್ನುತ್ತಿದ್ದಳಂತೆ, ಅವಳಿಗೂ ಬೈಗುಳ ಬಿದ್ದ ಮೇಲೆ ನಿಲ್ಲಿಸಿದಳು. ಟೀಚರನ್ನೇ ಪೂರ್ತಿ ದೂರುವುದಿಲ್ಲ. ನಲವತ್ತಕ್ಕೂ ಹೆಚ್ಚು ಮಕ್ಕಳು, ತಲೆ ಎತ್ತಿ ನೋಡುವಷ್ಟು ಪುರುಸೊತ್ತು ಅವರಿಗೂ ಇರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ದೀಪು ಒಂದೇ ಮಾತು ಆಡಿದಳು. 'ಅಮ್ಮಾ, ಬಟ್ ಐ ವಾಸ್ ದೇರ್.'

ಕೇಳುತ್ತಾ ಹೋದ ಹಾಗೆ ಗೊತ್ತಾಯಿತು, ಆ ವರ್ಷ ಶಾಲೆಯಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ. ಬಾತ್‌ರೂಮಿಗೆ ಹೋಗಬೇಕು ಅಂತಲೂ ಕೇಳಿರಲಿಲ್ಲ, ತಡೆದುಕೊಂಡು ಮನೆಗೆ ಬರುತ್ತಿದ್ದಳು. ಹೊಟ್ಟೆನೋವು ಅನ್ನುತ್ತಿದ್ದದ್ದು ಅದಕ್ಕೇ. ನಾನು ಓಮದ ನೀರು ಕೊಟ್ಟು ಮಲಗಿಸುತ್ತಿದ್ದೆ.

ಡಾಕ್ಟರಿಗೆ ತೋರಿಸಿದೆವು. ಇದು ಹಟ ಅಲ್ಲ ಅಂದರು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಕೆಲವು ಮಕ್ಕಳಿಗೆ ಹೊರಗೆ ಗಂಟಲು ಕಟ್ಟಿಬಿಡುತ್ತದೆ, ಮಾತಾಡು ಮಾತಾಡು ಅಂತ ಬಲವಂತ ಮಾಡಿದಷ್ಟೂ ಬಿಗಿಯುತ್ತದೆ ಅಂದರು. ಅದಕ್ಕೆ ಸ್ವಲ್ಪ ಕಾಲ ಮನೆಯಲ್ಲೇ ಓದಿಸೋಣ ಅಂತ ಬಿಡಿಸಿದೆವು. ಅವಳು ಓದುತ್ತಾಳೆ, ಲೆಕ್ಕ ಮಾಡುತ್ತಾಳೆ, ಮೊನ್ನೆ ಇಡೀ ಮಗ್ಗಿ ಒಪ್ಪಿಸಿದಳು. ಆದರೆ ಬೀದಿಗೆ ಬಸ್ಸು ಬಂದಾಗ ಬಾಲ್ಕನಿಯಲ್ಲಿ ನಿಂತು ನೋಡುತ್ತಾಳೆ. ಅವಳಿಗೆ ಶಾಲೆ ಬೇಡ ಅಂತಲ್ಲ.

ನಿಮಗೆ ಯಾಕೆ ಹೇಳಲಿಲ್ಲ ಅಂದರೆ, ನೀವು ಟೀಚರು. ನಿಮ್ಮ ಮನೆಯಲ್ಲಿ ದೀಪು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದಳು, ನೀವೇ ನೋಡಿದಿರಿ. ನಿಮಗೆ ಗೊತ್ತಾಗಿ ನೀವೂ 'ಬಾಯಿ ಬಿಡು' ಅಂತ ಎದುರು ನಿಲ್ಲಿಸಿಕೊಂಡರೆ, ಅವಳು ಮಾತಾಡುವ ಆ ಇನ್ನೊಂದು ಮನೆಯೂ ಹೋಗುತ್ತಿತ್ತು. ನನಗೆ ಆ ಭಯ.

ನಿಮ್ಮ ಮಗ ಯೋಚಿಸೋಣ ಅಂದಿದ್ದಾರೆ. ನಾನು ಯೋಚಿಸಿ ಆಯಿತು. ದೀಪುವನ್ನು ಕಳಿಸುವುದಿಲ್ಲ.

ಶ್ರಾವಣಿ


ಮಂಡ್ಯ
28-9-2025

ಚಿ. ಸೌ. ಶ್ರಾವಣಿಗೆ,

ಇಷ್ಟು ದಿನ ಬರೆಯಲಿಲ್ಲ. ಅತ್ತೆ ಮುನಿಸಿಕೊಂಡು ಕೂತಿದ್ದಾಳೆ ಅಂತ ನೀನು ತಿಳ್ಕೊಂಡಿರ್ತೀಯ. ಮೊದಲ ವಾರ ಅದೇ. ಸೊಸೆ 'ಕಳಿಸುವುದಿಲ್ಲ' ಅಂತ ಹೀಗೆ ಒಂದೇ ಏಟಿಗೆ ಬರೆದರೆ ಯಾವ ಅತ್ತೆಗೆ ರುಚಿಸುತ್ತೆ? ಆಮೇಲೆ ಮುನಿಸು ಹೋಯಿತು, ಎರಡು ಸಲ ಬರೆದು ಹರಿದು ಹಾಕಿದೆ.

ಕ್ಲಾಸಿನಲ್ಲಿ ಕೂತಿರೋ ಮಗುಗೆ ಗೈರುಹಾಜರಿ. ಇದನ್ನು ಓದಿ ನನಗೆ ಅನ್ನ ಇಳಿಯಲಿಲ್ಲ. ಬೆಟ್ಟಿಗೂ ಹೇಳಿದೆ.

ನಿನ್ನ ಹತ್ತಿರ ಒಂದು ಮಾತು ಹೇಳ್ತೀನಿ. ಇದು ನಿಮ್ಮ ಮಾವನವರಿಗೂ ಗೊತ್ತಿರಲಿಲ್ಲ. ನನ್ನ ಕಿವಿ ಮಂದ ಆಗಿದ್ದು ಈಗ ಈಚೆಗೆ ಅಂತ ನೀವೆಲ್ಲ ತಿಳಿದಿದ್ದೀರಿ. ಅಲ್ಲ. ಸರ್ವಿಸಿನ ಕೊನೆಯ ವರ್ಷಗಳಲ್ಲೇ ಶುರುವಾಗಿತ್ತು. ಹಾಜರಿ ಕೂಗಿದರೆ ಹಿಂದಿನ ಸಾಲಿನ ಮಕ್ಕಳು 'ಬಂದಿದ್ದೀನಿ ಮಿಸ್' ಅಂದದ್ದು ಕೇಳ್ತಿರಲಿಲ್ಲ. ಟೀಚರಮ್ಮ ಕಿವುಡಿ ಅಂತ ಊರಿಗೆ ಗೊತ್ತಾದರೆ ನನ್ನ ಗತಿ ಏನು? ಅದಕ್ಕೆ ಒಂದು ಕಾನೂನು ಮಾಡಿದೆ. 'ಕ್ಲಾಸಿನಲ್ಲಿ ಗಲಾಟೆ ಬೇಡ, ಹೆಸರು ಕರೆದಾಗ ಕೈ ಎತ್ತಿದರೆ ಸಾಕು.' ಇನ್‌ಸ್ಪೆಕ್ಟರು ಬಂದು ನೋಡಿ, ಎಂಥ ಶಿಸ್ತು ಅಂತ ಹೊಗಳಿ ಬರೆದು ಹೋದರು. ನಾನು ಒಳಗೊಳಗೇ ನಕ್ಕೆ.

ಆದರೆ ಕೈ ನೋಡಬೇಕಾದರೆ ತಲೆ ಎತ್ತಬೇಕು. ದಿನಾ ಪ್ರತಿ ಮಗುವಿನ ಮುಖ ನೋಡಲೇಬೇಕು. ಯಾವುದು ಉಪವಾಸ ಬಂದಿದೆ, ಯಾವುದು ಅತ್ತು ಬಂದಿದೆ, ಎಲ್ಲ ಹಾಜರಿ ಹೊತ್ತಿಗೇ ತಿಳೀತಿತ್ತು. ಅದರಲ್ಲಿ ಎಷ್ಟು ಮಕ್ಕಳು ನಮ್ಮ ದೀಪು ಥರ ಇದ್ದವೋ. ನನಗೆ ಗೊತ್ತೇ ಆಗಲಿಲ್ಲ, ಗೊತ್ತಾಗುವ ಅಗತ್ಯವೂ ಬರಲಿಲ್ಲ. ಕೈ ಎತ್ತಿದವು, ಹಾಜರಿ ಬಿತ್ತು, ಪಾಠ ಶುರುವಾಯಿತು.

ಸೀಟು ಬೇಡ ಅಂದುಬಿಟ್ಟೆ ಅಂತ ತಿಳ್ಕೋಬೇಡ. ಬೆಟ್ಟಿಗೆ ಸ್ವಲ್ಪ ದಿನ ಇಟ್ಟಿರು ಅಂದಿದ್ದೀನಿ. ಅಷ್ಟರಲ್ಲಿ ನಿನ್ನ ಮನೆಪಾಠ ಎಂಥದ್ದು ನೋಡೋಣ. ಹಾಜರಿ ಇಲ್ಲದ್ದನ್ನು ನಾನು ಶಾಲೆ ಅಂತ ಒಪ್ಪಲ್ಲ. ನಿಮ್ಮ ಎಂಟು ಗಂಟೆಗೆ ಇಲ್ಲಿ ಹತ್ತೂವರೆ, ಚಿತ್ರಾ ಈಗ ಮನೆಯಿಂದಲೇ ಕೆಲಸ ಮಾಡೋದು, ವೀಡಿಯೋ ಹಚ್ಚಿ ಕೊಡ್ತಾಳೆ. ಹಾಜರಿ ನಾನು ಕೂಗ್ತೀನಿ. ದೀಪು ಕೈ ಎತ್ತಲಿ. ಬಾಯಿ ಬಿಡು ಅಂತ ನಾನು ಹೇಳಲ್ಲ. ಹೇಳಿದರೂ ಅವಳು ಉತ್ತರ ಕೊಟ್ಟದ್ದು ನನಗೆ ಕೇಳಿಸಬೇಕಲ್ಲ.

ರಾಜಮ್ಮ


ರುಮೈಥಿಯಾ
15-10-2025

ಪೂಜ್ಯ ಅತ್ತೆಯವರಿಗೆ,

ದಿನಾ ವೀಡಿಯೋದಲ್ಲಿ ನೋಡುತ್ತೀರಿ, ಆದರೂ ಬರೆಯಬೇಕು ಅನ್ನಿಸಿತು. ಎದುರಿಗೆ ಹೇಳಲು ಬಾರದ್ದು ಕಾಗದದಲ್ಲಿ ಬರುತ್ತದೆ. ನಿಮ್ಮ ಹೋದ ಕಾಗದ ಓದಿ ನಾನು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ನಿಮ್ಮ ಮಗ ಗಾಬರಿಯಾಗಿ, ಅಮ್ಮ ಏನು ಬೈದಿದ್ದಾರೆ ಅಂತ ಕೇಳಿದರು.

ಮೊದಲ ದಿನ ದೀಪು ಸೋಫಾ ಹಿಂದೆ ಕೂತದ್ದು ನಿಮಗೇ ಗೊತ್ತು. ನೀವು ಹೆಸರು ಕರೆದು, ಏನೂ ಆಗದವರ ಹಾಗೆ 'ಸೋಫಾ ಹಿಂದೆ ಹಾಜರಿ' ಅಂತ ಬರೆದುಕೊಂಡಿರಲ್ಲ, ಆಮೇಲೆ ಅವಳು ಬಂದು ನನ್ನ ಕಿವಿಯಲ್ಲಿ ಕೇಳಿದಳು, 'ಡಿಡ್ ಶೀ ರೈಟ್ ಪ್ರೆಸೆಂಟ್?' ಹೌದು ಅಂದೆ. ಮರುದಿನ ಸೋಫಾ ಮೇಲಿಂದ ಒಂದು ಕೈ ಎದ್ದಿತು.

ಮೊನ್ನೆ ಅವಳೇ ಬ್ಯಾಗು ಬೇಕು ಅಂದಳು. ಮನೆಯಲ್ಲಿ ಓದುವವಳಿಗೆ ಬ್ಯಾಗು ಯಾಕೆ ಅನ್ನಲಿಲ್ಲ, ಕೊಡಿಸಿದೆ. ಈಗ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಲಿಫ್ಟಿನಲ್ಲಿ ಕೆಳಗೆ ಹೋಗಿ, ಬಖಾಲಾದ ಮುಂದೆ ಒಂದು ಸುತ್ತು ಹಾಕಿ, ಮೇಲೆ ಬಂದು ಫಿಯೋನಾ ಮನೆ ಬೆಲ್ ಒತ್ತುತ್ತಾಳೆ. ಪಾಠ ಈಗ ಅಲ್ಲೇ, ಶಾಲೆಗೆ ಬಂದ ಹಾಗೆ. ಮೊಯ್ದೀನ್ ಕುಂಞಿಯವರು 'ಶಾಲೆಗಾ ಮಗಾ' ಅಂದರೆ ತಲೆ ಆಡಿಸುತ್ತಾಳೆ. ಫಿಯೋನಾ ಅವರ ಮಕ್ಕಳೂ ನಿಮ್ಮ ಹಾಜರಿಗೆ ಸೇರಿದ ಮೇಲೆ, ಅಜ್ಜಿ ಕೂಗುವ ತನಕ ಮೂವರೂ ಪುಸ್ತಕ ತೆರೆಯುವುದಿಲ್ಲ. ಫಿಯೋನಾ ಅವರ ಹೆಸರನ್ನೂ ನೀವು ಕರೆಯುತ್ತೀರಿ, ಅವರು ದೋಸೆ ಸೌಟು ಹಿಡಿದೇ ಕೈ ಎತ್ತುತ್ತಾರೆ.

ಎಲ್ಲ ಸರಿಹೋಯಿತು ಅಂತ ಬರೆಯುವುದಿಲ್ಲ. ಆ ಮಕ್ಕಳ ಮುಂದೆ ದೀಪು ಇನ್ನೂ ಬಾಯಿ ಬಿಟ್ಟಿಲ್ಲ. ಏನಿದ್ದರೂ ನನ್ನ ಕಿವಿಗೆ ಬಂದು ಪಿಸುಗುಟ್ಟುತ್ತಾಳೆ. ನಿನ್ನೆ ಪಿಸುಗುಟ್ಟಿದ್ದು ಮಾತ್ರ ನಿಮಗೆ ಸೇರಬೇಕಾದದ್ದು. 'ಅಜ್ಜಿದು ಅಟೆಂಡೆನ್ಸ್ ಹೂ ಟೇಕ್ಸ್?'

ಇನ್ನೊಂದು. ಕಿವಿಗೆ ಮಷೀನು ಹಾಕಿಸುತ್ತೇನೆ ಅಂದರೆ ಬೇಡವೇ ಬೇಡ ಅಂತೀರಂತೆ. ನಿಮ್ಮ ಮಗನಿಗೆ ಅದೇ ಬೇಜಾರು. ಸ್ವಲ್ಪ ಯೋಚಿಸಿ ನೋಡಿ.

ನಿಮ್ಮ ಸೊಸೆ
ಶ್ರಾವಣಿ

ಈ ಸಲ 'ಳ' ಸರಿಯಾಗಿದೆಯೇ?


ಮಂಡ್ಯ
30-10-2025

ಚಿ. ಸೌ. ಶ್ರಾವಣಿಗೆ ಅತ್ತೆಯ ಪ್ರೀತಿಯ ಆಶೀರ್ವಾದ.

ಇವತ್ತು ಬೆಳಿಗ್ಗೆ ನೀನೂ ಅಲ್ಲೇ ಇದ್ದೆ. ಆದರೆ ಈ ಕಡೆ ಏನಾಯಿತು ನಿನಗೆ ಕಾಣಲಿಲ್ಲ, ಅದನ್ನು ಬರೀತೀನಿ.

ನಾನು ಕನ್ನಡಕ ಒರೆಸಿಕೊಂಡು ಕೂಗೋಕೆ ತಯಾರಾಗಿ ಕೂತೆ. ನೋಡಿದರೆ ಪರದೆ ಮೇಲೆ ನಮ್ಮ ದೀಪು ಕುರ್ಚಿ ಹಾಕ್ಕೊಂಡು ಕೂತಿದ್ದಾಳೆ, ಕೈಯಲ್ಲಿ ಪೆನ್ಸಿಲು. ಫಿಯೋನಾ ಮಕ್ಕಳು ಅವಳ ಮುಂದೆ ನೆಲದ ಮೇಲೆ. ಚಿತ್ರಾ ಮೊಬೈಲು ಹಿಡಿದವಳು ನನ್ನ ಭುಜ ಹಿಂಡಿದಳು. ಅಜ್ಜಿಯ ಹಾಜರಿ ಯಾರು ತಗೊಳ್ತಾರೆ ಅಂತ ಕೇಳಿದ್ದಳಲ್ಲ, ಉತ್ತರ ಅವಳೇ ಹುಡುಕಿಕೊಂಡಿದ್ದಾಳೆ ಅಂತ ನನಗೆ ಆಗ ತಿಳೀತು.

'ರಾಜಮ್ಮ' ಅಂದಳು.

ನಾನು ಕೈ ಎತ್ತಲಿಲ್ಲ. ಕಿಟಕಿ ಕಡೆ ನೋಡ್ತಾ ಕೂತೆ.

'ರಾಜಮ್ಮ' ಅಂದಳು ಇನ್ನೊಂದು ಸಲ. ಚಿತ್ರಾ 'ಅಮ್ಮ, ಕರೀತಿದ್ದಾಳೆ' ಅಂತ ನನ್ನ ಮೊಣಕೈ ತಿವಿದಳು. ನಾನು ಸೆರಗು ಸರಿಮಾಡಿಕೊಂಡೆ.

ಆಗ ಅವಳು ಎದ್ದು ನಿಂತು, ಮೊಬೈಲಿಗೆ ಮುಖ ತಾಗೋ ಹಾಗೆ ಬಂದು, 'ರಾಜಮ್ಮಾ, ಬಂದಿದ್ದೀರಾ ಇಲ್ವಾ?' ಅಂತ ಕೂಗಿದಳು. ಕನ್ನಡದಲ್ಲಿ ಕೂಗಿದಳು. ಜುಲೈನಲ್ಲಿ ನಮ್ಮ ಬೀದಿಗೆಲ್ಲ ಕೇಳಿಸಿತ್ತಲ್ಲ, ಅದೇ ಗಂಟಲು. ನೆಲದ ಮೇಲೆ ಕೂತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು, ಅವಳೂ ನಕ್ಕಳು. ಅವರ ಮುಂದೆ ಮಾತಾಡಿಬಿಟ್ಟೆ ಅಂತ ಅವಳಿಗೆ ನೆನಪಾಗುವ ಮೊದಲೇ ನಾನು ಕೈ ಎತ್ತಿದೆ. ಅವಳು ಗಂಭೀರವಾಗಿ ಬರೆದುಕೊಂಡು, ಫಿಯೋನಾ ಮಕ್ಕಳ ಹೆಸರೂ ಕರೆದಳು. ನೀನು ಬಾಗಿಲ ಹತ್ತಿರ ಬಾಯಿಗೆ ಸೆರಗು ಹಿಡಿದು ನಿಂತಿದ್ದೆ, ನನಗೆ ಕಂಡಿತು.

ನಾಳೆ ಮತ್ತೆ ಬಾಯಿ ಕಟ್ಟಿದರೂ ಕಟ್ಟಬಹುದು. ಕಟ್ಟಲಿ. ನೀನು ಎದೆ ಒಡ್ಕೋಬೇಡ. ಕೈ ಇದ್ದೇ ಇದೆ. ಏಪ್ರಿಲ್‌ನಲ್ಲಿ ಅಲ್ಲಿ ಹೊಸ ಕ್ಲಾಸು ಶುರುವಾಗೋ ಹೊತ್ತಿಗೆ ಅವಳೇ ಬಸ್ಸು ಹತ್ತುತ್ತೀನಿ ಅಂದರೆ ಹತ್ತಿಸು, ಮನೆಪಾಠವೇ ಇರಲಿ ಅಂದರೆ ಇರಲಿ. ಬೆಟ್ಟಿಗೆ ಸೀಟು ಬೇರೆ ಮಗುಗೆ ಕೊಡು ಅಂತ ಇವತ್ತೇ ಹೇಳಿ ಬಂದೆ. ಅವಳು ಈಗ ತನ್ನ ಶಾಲೆಯ ಚಿಕ್ಕ ಕ್ಲಾಸುಗಳಿಗೆಲ್ಲ ಕೈ ಎತ್ತೋ ಹಾಜರಿ ಮಾಡಿದ್ದಾಳೆ. ತನ್ನದೇ ಐಡಿಯಾ ಅಂತ ಹೇಳ್ಕೊಂಡು ತಿರುಗ್ತಾಳೆ, ಹಾಳಾಗಿ ಹೋಗಲಿ ಅಂತ ಬಿಟ್ಟಿದ್ದೀನಿ.

'ಳ' ಸರಿಯಾಗಿದೆ. 'ಲ' ಈಗ ಕೆಟ್ಟಿದೆ.

ಹೇಳೋಕೆ ಮರೆತೆ. ನೀವೆಲ್ಲ ಸೇರಿ ಪ್ರಾಣ ತಿಂದಿದ್ದಕ್ಕೆ ಸೋಮವಾರ ಚಿತ್ರಾ ಜೊತೆ ಮೈಸೂರಿಗೆ ಹೋಗಿ ಕಿವಿಗೆ ಮಷೀನು ಹಾಕಿಸಿಕೊಂಡು ಬಂದೆ. ಇವತ್ತು ಸೆರಗಿನಲ್ಲಿ ಕಾಣದ ಹಾಗೆ ಮುಚ್ಚಿಕೊಂಡಿದ್ದೆ. ಅವಳು ಮೊದಲನೇ ಸಲ ಮೆಲ್ಲಗೆ ಕರೆದದ್ದೇ ನನಗೆ ಚೆನ್ನಾಗಿ ಕೇಳಿಸಿತ್ತು.

ದೀಪುಗೆ ಹೇಳಬೇಡ.

ರಾಜಮ್ಮ